ಸೌದೆಗೆ ಅಟ್ಟಿದ ಹೊತ್ತು

ನಾಂದೊಮ್
14 ಜುಲೈ 1991

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಪರ್ಪೇತುವಾಳ ನಮಸ್ಕಾರ.

ಕಣ್ಣು ಹೇಗಿದೆ? ಕುಮಾಸಿಯ ವೈದ್ಯರು ಪಟ್ಟಿ ಬಿಚ್ಚಿದರೇ? ಈ ಕಾಗದ ಓದಿ ಹೇಳುವಾಗ ನಿಮ್ಮ ಮಗಳು ಯುಲಾಲಿಯಾ ನಗಿಸಿದರೆ ಕಣ್ಣು ಉಜ್ಜಬೇಡಿ. "ಇನ್ನು ಊರಲ್ಲಿ ನನ್ನಿಂದೇನಾಗ್ಬೇಕು, ಇಲ್ಲೇ ಇರ್ತೀನಿ" ಅನ್ನುತ್ತೀರಂತೆ, ಅವಳು ಬರೆದಿದ್ದಾಳೆ. ಅದಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ. ಹಂದಿ ಮಾತ್ರ ನನ್ನ ಮೇಲೆ ಮುನಿಸಿಕೊಂಡಿದೆ.

ಅತ್ತೆ, ನಾನು ಗೆದ್ದೆ! ನಿನ್ನೆ ನಿಮ್ಮ ಕಡಲೆಕಾಯಿ ಹೊಲದ ಕಳೆ ಪೂರ್ತಿ ಹೋಯಿತು. ಮೂವತ್ತು ಜನ ಮುಯ್ಯಾಳುಗಳು ಬಂದರು, ಮೂರು ಮಡಕೆ ಪೀತೊ ಹೆಂಡ ಕುಡಿದರು, ಹಾಡುತ್ತಾ ಮನೆಗೆ ಹೋದರು. ಅದಕ್ಕೆ ಮುಂಚೆ ನಾನು ಪಟ್ಟ ಪಾಡು ನನಗೇ ಗೊತ್ತು. ನೀವು ಹೋದ ಮೇಲೆ ಎರಡು ಸಲ ಪೀತೊ ಮಾಡಿದೆ, ಎರಡು ಸಲವೂ ನೀರುನೀರು. ಅದೇ ಕೆಂಜೋಳದ ಮೊಳಕೆ, ಅದೇ ಒಲೆ, ಸಿಹಿ ಮಾತ್ರ ಇಳಿಯಲಿಲ್ಲ. ಮುದುಕ ದೇರಿ ಸೋರೆಬುರುಡೆ ಕೆಳಗಿಟ್ಟು, "ಏನವ್ವಾ, ನಿಮ್ಮತ್ತೆ ಹೋಗೋವಾಗ ಪೀತೊನೂ ಗಂಟು ಕಟ್ಕೊಂಡು ಹೋದ್ಲಾ? ಇದು ಮಡಕೆ ತೊಳೆದ ನೀರು ಕಣೆ" ಎಂದ. ಕುಡಿಯಲು ಬಂದವರೆಲ್ಲ ಎದ್ದು, ತಾನೂ ಪೀತೊ ಮಾಡುವ ಪಕ್ಕದ ಮನೆ ಕ್ಲಾವೆರಾಳ ಅಂಗಳಕ್ಕೆ ನಡೆದರು. ಅವಳು ಬೇಲಿಯಾಚೆಯಿಂದಲೇ, "ನಿಮ್ಮ ಹೊಲಕ್ಕೆ ಈ ಸಲ ಹಂದೀನೇ ಇಳಿಸ್ಬೇಕು, ನಿನ್ನ ಕೈರುಚಿ ಅದಕ್ಕೇ ಗೊತ್ತು!" ಎಂದಳು. ಹೊಟ್ಟೆ ಉರಿಯಿತು. ಆದರೆ ಮಾತು ನಿಜ, ನಾನು ಸುರಿದ ಚರಟ ತಿಂದು ಹಂದಿ ಗುಂಡಗಾಗಿತ್ತು.

ಪೀತೊ ತೆಳ್ಳಗಾದರೆ ಮುಯ್ಯಾಳು ಬರುವುದಿಲ್ಲ, ಅವರು ಬರದಿದ್ದರೆ ಕಡಲೆಕಾಯಿ ಕಳೆಯ ಪಾಲು. ಉಳಿದದ್ದು ಎರಡು ಮಡಕೆಗಾಗುವಷ್ಟು ಮೊಳಕೆ, ಬೇಕಾದದ್ದು ಮೂರು ಮಡಕೆ. ಗಾಯದ ಮೇಲೆ ಬರೆ ಎಂಬಂತೆ ಕುದಿಸುವ ದೊಡ್ಡ ಮಡಕೆ ಬಿರುಕು ಬಿಟ್ಟಿತು. ಚಿಕ್ಕದರಲ್ಲಿ ಎಲ್ಲವೂ ಹಿಡಿಸದೆ, ನೀರಿಗೆ ಕಲಸಿದ ಮೊಳಕೆ ಹಿಟ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬೇಸಿನ್ನಿಗೆ ಬಸಿದಿಟ್ಟು ಗಟ್ಟಿಯನ್ನಷ್ಟೇ ಕುದಿಸಿದೆ. ಬೆರಳು ಅದ್ದಿ ಥಟ್ಟನೆ ತೆಗೆಯುವಷ್ಟಕ್ಕೆ ಆರಿದಾಗ ತಿಳಿಯನ್ನು ವಾಪಸ್ ಸುರಿದೆ. ಬೆಳಿಗ್ಗೆ ನೆಕ್ಕಿ ನೋಡುತ್ತೇನೆ, ತುಟಿಗೆ ತುಟಿ ಅಂಟುವ ಸಿಹಿ! ಮೊಳಕೆಯ ಜೀವ ಆ ತಿಳಿಯಲ್ಲಿತ್ತು, ನಾನು ಅದನ್ನೂ ಕುದಿಸಿ ಕೊಲ್ಲುತ್ತಿದ್ದೆ. ಚರಟವನ್ನೂ ಬಿಡಲಿಲ್ಲ, ಬಿಸಿನೀರು ಹೊಯ್ದು ಹೊಯ್ದು ಸೋಸಿದೆ. ಮೂರು ಮಡಕೆ ತುಂಬಿದವು. ಹಂದಿಗೆ ಸಿಕ್ಕಿದ್ದು ಬರೀ ಹೊಟ್ಟು, ಅದರ ಮುನಿಸು ಅದಕ್ಕೇ.

ಆಗ ನೆನಪಾಯಿತು. ಹಿಟ್ಟು ತಳಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ನೀವು, "ಸೌದೆ ಸಾಲ್ದು, ಹೋಗೇ" ಎಂದು ನನ್ನನ್ನು ಅಟ್ಟುತ್ತಿದ್ದಿರಿ. ಹತ್ತು ವರ್ಷ ಸೌದೆ ಹೊತ್ತೆನಲ್ಲಾ, ಕಳ್ಳ ಅತ್ತೆ! ನಿನ್ನೆ ದೇರಿ ಮೂರನೆಯ ಬುರುಡೆ ಬರಿದು ಮಾಡಿ, "ಮುದುಕಿ ವಾಪಸ್ ಬಂದ್ಲಾ?" ಎಂದು ನಿಮ್ಮನ್ನು ಹುಡುಕಿದ. ನನಗೆ ಸಂತೋಷಕ್ಕೆ ಅಳುವೇ ಬಂತು.

ದೇವರು ನಿಮ್ಮ ಕಣ್ಣಿಗೆ ಬೆಳಕು ಕೊಡಲಿ. ಯುಲಾಲಿಯಾಗೂ ಮಕ್ಕಳಿಗೂ ನಮ್ಮೆಲ್ಲರ ನೆನಪು.

ನಿಮ್ಮ ಸೊಸೆ
ಪರ್ಪೇತುವಾ

ತಾ.ಕ.: ಕಾಗದ ಒಯ್ಯುವ ಬಸ್ಸು ಹೊರಟಿದೆ, ಡ್ರೈವರ್ ಬೈಯುತ್ತಿದ್ದಾನೆ. ಇವತ್ತು ಕೊಂಡು ತಂದ ಮೊಳಕೆಯಲ್ಲಿ ಮತ್ತೆ ಪೀತೊಗೆ ಕಲಸಿದ್ದೆ, ಕ್ಲಾವೆರಾ "ಸಹಾಯ ಮಾಡ್ಲೇನೇ?" ಎಂದು ನಾನು ತಿಳಿ ಬಸಿಯುವಾಗಲೇ ಬಂದಳು. ಸೌದೆಗೆ ಕಳಿಸಿದೆ. ಆದರೆ ಅತ್ತೆ, ನೀವು ನನ್ನನ್ನು ಸೌದೆಗೆ ಅಟ್ಟುತ್ತಿದ್ದದ್ದು ಪ್ರತಿ ಸಲವೂ ಎರಡು ಬಾರಿ. ಮೊದಲನೆಯದು ಯಾಕೆಂದು ತಿಳಿಯಿತು. ಎರಡನೆಯದು ಯಾಕೆ? ಅದನ್ನು ಹೇಳಿಕೊಡುವುದಕ್ಕಾದರೂ ಮನೆಗೆ ಬನ್ನಿ.