ಗ್ರೈಂಡರಿನ ಹಲ್ಲು

೧೪ ಆಗಸ್ಟ್ ೧೯೯೩, ಶನಿವಾರ. ಚಾಟ್ಸ್‌ವುಡ್.

ಇವತ್ತೂ ಡಿಕಾಕ್ಷನ್ ನೀರು ನೀರು. ಈ ಪರದೇಶದಲ್ಲಿ ಯಾರದೋ ಮನೆಯ ಗ್ಯಾರೇಜ್ ಸೇಲಿನಲ್ಲಿ ತಂದ ಹಳೆಯ ಕೈಗ್ರೈಂಡರ್ ಮೈಸೂರಿನ ನಮ್ಮ ಮನೆಯದರ ಪಡಿಯಚ್ಚು. ಬೀಜವೂ ಒಳ್ಳೆಯದೇ. ಆದರೂ ಆ ಬಣ್ಣವಿಲ್ಲ. ಪುಡಿ ತರಿತರಿಯಾಗಿದೆಯೆಂದು ಮೂರು ವಾರ ಅದರ ಹಲ್ಲುಗಳನ್ನು ಅರದಿಂದ ಉಜ್ಜಿದೆ. ಈಗ ಅವು ಬೀಜವನ್ನು ಕಚ್ಚುವುದೇ ಇಲ್ಲ. ದರಿದ್ರದ್ದನ್ನು ಬಿಸಾಡಲು ಹೊರಟೆ.

"ಚಿಕೋರಿ ಹಾಕ್ದೆ ಆ ಕಲರ್ ಎಲ್ಲಿಂದ ಬರುತ್ತೆ?" ಎಂದಳು ಹಂಸಾ.

ನಮ್ಮ ಮನೆಯಲ್ಲಿ ಚಿಕೋರಿಯೇ! ಬಂದವರ ಮುಂದೆಲ್ಲ 'ನಮ್ಮದು ಅಪ್ಪಟ ಕಾಫಿ' ಎಂದು ಅಪ್ಪ ಮೀಸೆ ತಿರುವುವ ಮನೆಯಲ್ಲಿ!

"ಅತ್ತೆ ಮೂವತ್ತು ವರ್ಷದಿಂದ ಕದ್ದು ಬೆರೆಸ್ತಿದಾರೆ. ನಿಮಗೂ ಮಾವನಿಗೂ ಹೇಳ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಮೂರು ವಾರ ನಾನು ಉಜ್ಜುವುದನ್ನು ಇವಳು ಎದುರಿಗೇ ಕೂತು ನೋಡಿದಳು!

ನಾಳೆ ಅಪ್ಪ ಫೋನಿನಲ್ಲಿ ಕಾಫಿ ಹೇಗೆ ಬಂತೆಂದು ಕೇಳಿಯೇ ಕೇಳುತ್ತಾರೆ. ಅಮ್ಮ ಪಕ್ಕದಲ್ಲೇ ನಿಂತಿರುತ್ತಾಳೆ. ನಾನು ಏನೆಂದು ಹೇಳಲಿ?