ಮನೆವರೆಗೂ ಬಂದ ನಗು

೧೪ ಜೂನ್ ೨೦೨೫, ಶನಿವಾರ, ಕಡೂರು

ನಾಳೆ ಜನರೆದುರಿನ ರೆಕಾರ್ಡಿಂಗಿಗೆ ಹೋಗಲೋ ಬೇಡವೋ.

ಇಷ್ಟು ದಿನ ನಮ್ಮ ರೇಡಿಯೊ ಹಾಸ್ಯ ಧಾರಾವಾಹಿಯನ್ನು ಮುಚ್ಚಿದ ಕೋಣೆಯಲ್ಲಿ ಆಡುತ್ತಿದ್ದೆವು. ಗಂಡನ ಪಾತ್ರ ನನ್ನದು. ಅಡುಗೆಮನೆಯಲ್ಲಿರುವ ನನ್ನ ಹೆಂಡತಿ ಶಾರದೆಗೆ ಹೇಳುವಂತೆ ಮೈಕಿನ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದೆ. ಅವಳು ತೀರಿಕೊಂಡ ಮೇಲೂ ಆ ಕೋಣೆಯಲ್ಲಿ ಮಾತ್ರ ಇದ್ದಳು.

ಇವತ್ತು ಮೊದಲ ಸಲ ಜನರನ್ನು ಎದುರಿಗೆ ಕೂರಿಸಿಕೊಂಡು ತಾಲೀಮು. ತರೀಕೆರೆಯಿಂದಲೂ ಬಂದಿದ್ದರು. ಒಂದು ಮಾತಿಗೆ ನಕ್ಕರು, ಮುಂದಿನ ಮಾತಿಗೆ ನಗಲಿಲ್ಲ. ಆ ಮೌನಕ್ಕೆ ಹೆದರಿ, ಹಾಳೆಯಲ್ಲಿ ಇಲ್ಲದ್ದನ್ನು ಮಾಡಿಬಿಟ್ಟೆ. ಶಾರದೆ ಕೊನೆಗಾಲದಲ್ಲಿ ಏದುಸಿರು ಬಿಡುತ್ತ 'ರೀ… ಬಂದ್ರಾ…' ಅನ್ನುತ್ತಿದ್ದಳಲ್ಲ, ಹಾಗೇ ಅಂದೆ. ಬಿದ್ದು ಬಿದ್ದು ನಕ್ಕರು. ಹೆಂಡತಿಯ ಪಾತ್ರದ ಶ್ರೀವಾಣಿಯೂ ನಕ್ಕಳು.

ನಿರ್ದೇಶಕ ಪ್ರದ್ಯುಮ್ನ ಬೆನ್ನು ತಟ್ಟಿದ. "ಎಲ್ಲಿ ಬಚ್ಚಿಟ್ಟಿದ್ರಿ ಸಾರ್ ಇದನ್ನ? ನಾಳೆ ರೆಕಾರ್ಡಿಂಗಲ್ಲಿ ಇರ್ಲೇಬೇಕು."

"ಬೇಡ ಕಣಪ್ಪಾ."

"ನೀವ್ ಬೇಡ ಅಂದ್ರೆ ಆಯ್ತಾ? ಜನ ಬಿಡ್ಬೇಕಲ್ಲ."

ಇದಕ್ಕೆ ಸ್ಟೇಜ್ ಫ್ರೈಟ್ ಅನ್ನುತ್ತಾರಾ? ಅಲ್ಲ, ಅದು ಜನರಿಗೆ ಹೆದರುವುದು, ಇದು ಬೇರೆ. ಕಾಲೇಜಿನಲ್ಲಿ ಮೇಷ್ಟ್ರು 'ಹಿ ಫಿಯರ್ಸ್ ಹಿಮ್‌ಸೆಲ್ಫ್' ಅಂದರೆ ಅವನಿಗೆ ತನ್ನದೇ ಭಯ, ಎಂದೇನೋ ಬರೆಸಿದ್ದರು, ಮುಂದಿನದು ಮರೆತಿದೆ. ನಾಳೆ ಅವರು ನಗದೆ ಕೂತರೆ ನಾನು ಮತ್ತೆ ಮಾಡಿಬಿಡುತ್ತೇನೆ. ಯಾರೂ ಬಲವಂತ ಮಾಡಬೇಕಾಗಿಲ್ಲ.

ಮಲಗುವ ಮುಂಚೆ ದಿನಾ ಅವಳ ದನಿ ನೆನೆಸಿಕೊಳ್ಳುತ್ತೇನೆ. ಈಗಲೂ ನೆನೆಸಿಕೊಂಡೆ. 'ರೀ… ಬಂದ್ರಾ…' ಅಂದಳು. ಅದರ ಹಿಂದೆಯೇ ಆ ಜನರೆಲ್ಲ ನಕ್ಕರು. ದೀಪ ಆರಿಸಿಲ್ಲ. ಇನ್ನೊಂದು ಸಲ ನೆನೆಸಿಕೊಂಡು ನೋಡೋಣವೆಂದರೆ ಧೈರ್ಯವಿಲ್ಲ.