ರೈಲಿನ ಕೂಗಿರುವ ಕ್ಯಾಸೆಟ್ಟು

ಹೆಬ್ಬಾಳ, ೧೯೮೬

ಮುರಿಗೆಪ್ಪಾ,

ಈ ಕಾಗದ ನಿನಗೆ ಹಾಕುವುದಿಲ್ಲ. ಮಾತೇ ಬಿಟ್ಟ ಮೇಲೆ ಕಾಗದ ಯಾಕೆ? ಆದರೂ ಇವತ್ತಿನ ಸಮಾಚಾರ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಸಂಜೆ ಆರ್.ಟಿ. ನಗರದ ಕ್ಯಾಸೆಟ್ ಅಂಗಡಿಯಲ್ಲಿ ಹೊಸದೇನಿದೆ ಅಂತ ಕೇಳಿದೆ. ಅಂಗಡಿಯವನು ಹೆಸರಿಲ್ಲದ ಕ್ಯಾಸೆಟ್ಟೊಂದನ್ನು ಹಾಕಿದ. "ಇದ್ ಕೇಳಿ ಸಾರ್. ಯಾವ್ ಕಂಪ್ನೀದೂ ಅಲ್ಲ. ಭಜನೆ ಪದಕ್ಕೆ ತಮಟೆ ಮಿಕ್ಸ್ ಮಾಡವ್ರೆ. ಯಲಹಂಕದಿಂದ್ಲೂ ಕಾಪಿ ಕೇಳ್ಕೊಂಡ್ ಬರ್ತಾರೆ."

ನಿನ್ನ ಏಕತಾರಿ, ನಿನ್ನ ದನಿ, ಹಿಂದೆಯೇ ನನ್ನ ತಮಟೆ! ನಾವಿಬ್ಬರೂ ಒಟ್ಟಿಗಿದ್ದ ಕೋಣೆಯಲ್ಲಿ ನಿನ್ನ ಪದವನ್ನು ಒಂದು ಟೇಪ್‌ರೆಕಾರ್ಡರಿನಲ್ಲಿ ಹಾಕಿ, ನಾನು ತಮಟೆ ಬಾರಿಸುತ್ತಾ ಇನ್ನೊಂದರಲ್ಲಿ ಹಿಡಿದೆವಲ್ಲ, ಅದೇ. ನಡುವೆ ರೈಲು ಕೂಗಿದ್ದನ್ನು ಅಳಿಸೋಣ ಅಂತ ನಾನಂದರೆ, ನೀನು "ಇರ್ಲಿ ಬಿಡಲೇ, ಅದೂ ಸುರದಾಗ ಐತಿ" ಅಂದಿದ್ದೆ. ಎಷ್ಟು ಕೈ ದಾಟಿ ಬಂದರೂ ಆ ಕೂಗು ಮಾಸಿಲ್ಲ ಕಣೋ.

ಎದೆ ಉಬ್ಬಿತು. ಏನೂ ಗೊತ್ತಿಲ್ಲದವನ ಹಾಗೆ, "ಯಾರಪ್ಪಾ ಮಾಡಿದ್ದು?" ಅಂದೆ.

"ಯಾರೋ ಅಣ್ತಮ್ಮಂದ್ರು ಇರ್ಬೇಕು ಸಾರ್. ಇಲ್ದಿದ್ರೆ ಇಷ್ಟು ಹೊಂದ್ಕೊಳ್ಳಲ್ಲ."

ನಾನು ಅಲ್ಲ ಅನ್ನಲಿಲ್ಲ. ಎರಡು ಕಾಪಿ ಮಾಡಿಕೊಡು ಅಂದೆ.

ಚನ್ನಕೇಶವ